ಸೋಮವಾರದ ನೀರು

ವಾಷಿಂಗ್ ಮಶೀನಿನ ಗುಂಡಿ ಒತ್ತಿ ಅನುರಾಧಾ ಕೈ ಒರೆಸಿಕೊಳ್ಳುತ್ತಿದ್ದಾಗ ಅತ್ತೆ ರೇಣವ್ವ ಅಡುಗೆಮನೆಯಿಂದಲೇ ಗೊಣಗಿದಳು: "ಸೋಮವಾರ ಬಂತಂದ್ರ ನಾವು ಹೊಲದ ಬಾವಿಗೆ ಕೈ ಹಚ್ಚತಿರಲಿಲ್ಲ. ಎತ್ತಿಗೂ ಸೂಟಿ, ಬಾವಿಗೂ ಸೂಟಿ. ನಿಮ್ಮ ಮಶೀನಿಗೆ ಸೋಮವಾರನೂ ಇಲ್ಲ, ಅಮಾಸಿನೂ ಇಲ್ಲ." ರಾಮತೀರ್ಥ ನಗರದ ಈ ಮನೆಗೆ ಬಂದಾಗಿನಿಂದ ಅತ್ತೆ ಮಶೀನಿನ ಮೇಲೆ ಇಂಥ ಮಾತು ಎಸೆಯುವುದು ಹೊಸದೇನಲ್ಲ, ಅನುರಾಧಾ ನಕ್ಕು ಸುಮ್ಮನಾಗುವುದೂ ಹೊಸದಲ್ಲ. ಇಂದು ಮಾತ್ರ ನಗೆ ಬರಲಿಲ್ಲ. ಬಾವಿಗೂ ಸೂಟಿ. ಟವೆಲ್ಲು ಕೈಯಲ್ಲೇ ಉಳಿಯಿತು. ಎತ್ತಿಗೆ ಅಂದು ರಜೆ ಎಂಬುದು ಅವಳಿಗೆ ಗೊತ್ತಿತ್ತು. ಸೋಮವಾರ ಬಸವಣ್ಣನ ವಾರ, ಅಂದು ನೊಗ ಹೂಡಬಾರದು, ತನ್ನ ತವರಿನಲ್ಲೂ ಹೂಡುತ್ತಿರಲಿಲ್ಲ. ಆದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತು ನಿಂತರೆ ನೀರೂ ನಿಂತಂತೆ, ಎತ್ತು ಹೋಗಿ ಮೋಟಾರು ಬಂದ ಮೇಲೂ ಕೆಂಗಲ್ಲಹಾಳದ ಕಡೆಯ ಕೆಲವು ಊರುಗಳಲ್ಲಿ ಆ ನೇಮ ಬಾವಿಗೆ ಅಂಟಿಕೊಂಡೇ ಉಳಿದಿದೆ ಎಂಬುದು ಗೊತ್ತಿದ್ದೂ ಗೊತ್ತಿಲ್ಲದಂತೆ ಎಲ್ಲೋ ಬಿದ್ದಿತ್ತು. ಕೆಂಗಲ್ಲಹಾಳದ ಬಾವಿಯ ನೀರಿನ ಮಟ್ಟವನ್ನು ಒಂದೂವರೆ ವರ್ಷದಿಂದ ಸೋಮವಾರವೇ ಅಳೆಸಿದ್ದಳು. ಒಂದೂ ಬೇರೆ ವಾರದ್ದಲ್ಲ. ಹೊರಗೆ ಬಿಂದುಮಾಧವರ ಕಾರಿನ ಹಾರ್ನು ಕೇಳಿಸಿತು, ಅವಳು ಚಪ್ಪಲಿ ಹುಡುಕಿದಳು.

ಬಿಂದುಮಾಧವರದು ಟಿಳಕವಾಡಿಯಲ್ಲಿ ಅಂತರ್ಜಲದ ಲೆಕ್ಕ ಮಾಡಿಕೊಡುವ ಸಣ್ಣ ಕಚೇರಿ. ಅಲ್ಲಿ ಅನುರಾಧಾ ಮಾಡುವ ಕೆಲಸವನ್ನು ಅವಳ ಗಂಡ ಸಂಜಯ ನೆಂಟರಿಗೆ "ನೆಲದ ಒಳಗಿನ ನೀರಿನ ಜಾತಕ ಬರಿಯೂದು" ಎಂದು ವಿವರಿಸುತ್ತಿದ್ದ, ಅದು ತೀರ ಸುಳ್ಳೂ ಅಲ್ಲ. ಖಾನಾಪುರ ತಾಲೂಕಿನ ಕೆಂಗಲ್ಲಹಾಳದ ಕೆಳಗಿನ ತಗ್ಗಿನಲ್ಲಿ ಸರಕಾರದವರು ಎರಡು ಆಳದ ಬೋರು ಕೊರೆಸಿದ್ದರು. ಅಲ್ಲಿಂದ ದಿಬ್ಬದಾಚೆಯ ಮೂರು ಊರಿಗೆ ಕುಡಿಯುವ ನೀರು ಒಯ್ಯಬೇಕು. ಬೋರು ಹಗಲೂ ರಾತ್ರಿ ಎಳೆದರೆ ಕೆಂಗಲ್ಲಹಾಳದವರ ಸೇದುವ ಬಾವಿ ಏನಾಗುತ್ತದೆ ಎಂಬುದು ಪ್ರಶ್ನೆ. ಉತ್ತರಕ್ಕೆಂದು ಅವಳು ಆ ಇಡೀ ಕಣಿವೆಯನ್ನು ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ಹೆಚ್ಚಿ, ಒಂದೊಂದು ಚೌಕಕ್ಕೂ ಮಳೆ, ಮಣ್ಣು, ಕಲ್ಲು ತುಂಬಿ ಒಂದು ಮಾದರಿ ಕಟ್ಟಿದ್ದಳು. ಮಾದರಿ ಹೇಳಿದ್ದು: ಕಡುಬೇಸಿಗೆಯಲ್ಲೂ ಬಾವಿ ಅರ್ಧ ಮೀಟರಿಗಿಂತ ಹೆಚ್ಚು ಇಳಿಯುವುದಿಲ್ಲ. ಮೇ ತಿಂಗಳಲ್ಲೂ ಆ ಬಾವಿಯಲ್ಲಿ ಮೂರು ಮೀಟರಷ್ಟು ನೀರಿರುತ್ತದೆ, ಅರ್ಧ ಹೋದರೆ ಹೋಯಿತು. ಇಂದು ಊರಿನ ಸಭೆಯಲ್ಲಿ ಈ ಮಾತು ಹೇಳಿ, ಜನ ಒಪ್ಪಿದರೆ ನಾಳೆಯಿಂದ ಪೈಪು ಹೂಳುವ ಕೆಲಸ. ಸಭೆಯನ್ನೂ ಸೋಮವಾರವೇ ಇಟ್ಟಿದ್ದರು, ಜನ ಮನೆಯಲ್ಲಿ ಸಿಗುತ್ತಾರೆಂದು.

ಜನ ಮನೆಯಲ್ಲಿ ಸಿಗುತ್ತಾರೆ. ಈ ಮಾತು ಕೂಡ ಅವಳದೇ. ಕಾರು ನೆಹರು ನಗರ ದಾಟುತ್ತಿದ್ದಾಗ ಆ ದಿನ ಕಣ್ಣಮುಂದೆ ಬಂತು. ಬಾವಿಯ ಮಟ್ಟ ಯಾವ ದಿನ ಅಳೆಯಬೇಕೆಂದು ಚರ್ಚೆಯಾದಾಗ ಅವಳು ಕುರ್ಚಿಯ ತುದಿಗೆ ಸರಿದು, "ಸೋಮವಾರ ಇಡೂಣ್ರಿ ಸರ್, ಅವತ್ತ ಯಾರೂ ಹೊಲಕ್ಕ ಹೋಗೂದಿಲ್ಲ" ಎಂದಿದ್ದಳು. ಬಿಂದುಮಾಧವರು ಬೆರಗಾಗಿ, "ನೋಡ್ರಿ, ಹಳ್ಳಿ ಗೊತ್ತಿದ್ದವರು ಒಬ್ಬರರ ಇರಬೇಕು ಕಚೇರಿಯೊಳಗ" ಎಂದಿದ್ದರು. ಅಂದಿನಿಂದ ಬಂದವರಿಗೆಲ್ಲ ಅವಳನ್ನು "ಇವರು ನಮ್ಮ ಹಳ್ಳಿ ಎಕ್ಸ್‌ಪರ್ಟ್" ಎಂದೇ ಪರಿಚಯಿಸುತ್ತಿದ್ದರು. ಅವಳಿಗೆ ಹಿಗ್ಗೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಪುಣೆಯಲ್ಲಿ ಎರಡು ವರ್ಷ ಓದಿ ಕಲಿತದ್ದಕ್ಕೆ ಯಾರೂ ಎಕ್ಸ್‌ಪರ್ಟ್ ಎನ್ನಲಿಲ್ಲ. ಅಪ್ಪ ಕುರಿ ಕಾಯ್ದದ್ದಕ್ಕೆ ಎಂದರು. ಆದರೂ ಆ ಹೊಗಳಿಕೆಯನ್ನು ಅವಳು ಬಿಟ್ಟುಕೊಡಲಿಲ್ಲ. ಕಚೇರಿಯಲ್ಲಿ ತನ್ನೂರಿನ 'ಐತಿ' ಬಿಟ್ಟು ಓದಿದವರ 'ಅದ' ಎನ್ನುವುದನ್ನು ರೂಢಿ ಮಾಡಿಕೊಂಡವಳು, ಹಳ್ಳಿಯ ಮಾತು ಬಂದಾಗ ಮಾತ್ರ ಎದೆಯುಬ್ಬಿಸಿ ಮುಂದೆ ಬರುತ್ತಿದ್ದಳು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎನ್ನುತ್ತಾರೆ. ತಾನು ಹಗಲಲ್ಲೇ, ಎಲ್ಲರಿಗಿಂತ ಚೆನ್ನಾಗಿ ಕಂಡು, ಅದನ್ನು ನಾಲ್ಕು ಜನರಿಗೆ ತೋರಿಸಿ ಬಿದ್ದೆ ಎಂದುಕೊಂಡಳು.

ಬಿದ್ದದ್ದು ಎಷ್ಟು ಆಳಕ್ಕೆ ಎಂಬುದು ಪೀರನವಾಡಿ ದಾಟುವ ಹೊತ್ತಿಗೆ ಇನ್ನೂ ಸ್ಪಷ್ಟವಾಯಿತು. ಮಾದರಿ ಕಟ್ಟಿದ ಮೇಲೆ ಅದನ್ನು ಚುಚ್ಚಿ ನೋಡುವ ಒಂದು ಪದ್ಧತಿಯಿದೆ. ಒಂದೊಂದೇ ಅಂಕಿಯನ್ನು ಹೆಚ್ಚು ಕಡಿಮೆ ಮಾಡಿ ಉತ್ತರ ಎಷ್ಟು ಅಲುಗುತ್ತದೆಂದು ನೋಡುವುದು. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಬಾಯಿ ಹೇಳುತ್ತದೆ, ಅರಿಶಿಣ ಹೆಚ್ಚಾದರೆ ಹೇಳುವುದಿಲ್ಲ. ಉಪ್ಪಿನ ಮೇಲೆ ಕಣ್ಣಿಡು, ಅರಿಶಿಣ ಬಿಡು, ಇಷ್ಟೇ ಅದರ ತಿರುಳು. ಕೆಂಗಲ್ಲಹಾಳದ ನೆಲದಲ್ಲಿ ಮೇಲೆ ಕೆಂಪುಕಲ್ಲು, ಸೇದುವ ಬಾವಿ ಅದರಲ್ಲಿದೆ. ಕೆಳಗೆ ಬಿರುಕುಬಿಟ್ಟ ಬಂಡೆ, ಬೋರುಗಳು ಅದರಲ್ಲಿವೆ. ನಡುವೆ ಜೇಡಿಮಣ್ಣಿನ ಒಂದು ಪದರ. ಆ ಜೇಡಿ ಮೇಲಿನ ನೀರನ್ನು ಕೆಳಕ್ಕೆ ಎಷ್ಟು ಬಿಟ್ಟುಕೊಡುತ್ತದೆ? ಅವಳು ಆ ಅಂಕಿಯನ್ನು ಹತ್ತು ಪಟ್ಟು ಏರಿಸಿದಳು, ನೂರು ಪಟ್ಟು ಏರಿಸಿದಳು. ಲೆಕ್ಕದ ಮಟ್ಟ, ಅಳೆದ ಮಟ್ಟ ಎರಡೂ ಗೆರೆ ಕೊಯ್ದಂತೆ ಹೊಂದಿಕೊಂಡೇ ಇದ್ದವು. ಜೇಡಿಯ ಅಂಕಿ ಅರಿಶಿಣ, ಎಂದು ತೀರ್ಮಾನಿಸಿ ಪುಸ್ತಕದಲ್ಲಿದ್ದ ಒಂದು ಅಂಕಿ ಹಾಕಿ ಮುಂದೆ ಹೋಗಿದ್ದಳು. ಈಗ ನೋಡಿದರೆ ಅದು ಅಲುಗದೇ ಇದ್ದದ್ದು ಯಾಕೆ? ಬಂಡೆಯಿಂದ ನೀರೆಳೆಯುವ ಊರವರ ಹೊಲದ ಮೋಟಾರುಗಳೆಲ್ಲ ನಿಂತ ದಿನವೇ ಅಳೆದರೆ, ಬಾವಿ ರವಿವಾರ ರಾತ್ರಿಯೆಲ್ಲ ಸುಧಾರಿಸಿಕೊಂಡು ಸೋಮವಾರ ಬೆಳಗ್ಗೆ ಮೈ ತುಂಬಿ ನಿಂತಿದ್ದರೆ, ಜೇಡಿ ಬಿಗಿಯೋ ಸಡಿಲೋ ಎಂದು ಹೇಳುವವರು ಯಾರು? ಎಳೆಯದ ಹಗ್ಗ ಗಟ್ಟಿಯೋ ಸವೆದದ್ದೋ ಯಾರಿಗೆ ಗೊತ್ತು. ಅಳತೆ ಬಾಯಿ ಬಿಡಲಿಲ್ಲ, ಅವಳು ಅದನ್ನು ಜೇಡಿಯಿಂದ ಏನೂ ಆಗುವುದಿಲ್ಲವೆಂಬ ಉತ್ತರ ಎಂದುಕೊಂಡಳು. ಬೋರು ಎಳೆಯತೊಡಗಿದ ಮೇಲೆ ಎಲ್ಲವೂ ನಿಂತಿರುವುದು ಆ ಒಂದು ಅಂಕಿಯ ಮೇಲೆಯೇ. ಬಾವಿ ಅರ್ಧ ಮೀಟರು ಇಳಿಯಬಹುದು, ತಳ ಕಾಣಲೂಬಹುದು. ಯಾವುದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಸರ್, ಒಂದು ತಪ್ಪಾಗೇದ," ಎಂದಳು. ಬಿಂದುಮಾಧವರು ಎದುರು ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡುತ್ತ ಕೇಳಿಸಿಕೊಂಡರು. ಅವಳು ಎಲ್ಲ ಹೇಳಿದಳು, ಹೇಳುತ್ತ ಹೇಳುತ್ತ ದನಿ ತನಗೇ ತಿಳಿಯದಂತೆ ಸಣ್ಣದಾಯಿತು. ಅವರು ಕೆಟ್ಟವರಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

"ಆಗಿರಬಹುದು," ಎಂದರು ಗೇರು ಬದಲಿಸುತ್ತ. "ಆಗಿಲ್ಲಂತನೂ ಹೇಳ್ಲಿಕ್ಕೆ ಬರೂದಿಲ್ಲ. ಖರೇ ಅಲ್ಲೇನು? ಜೇಡಿ ಬಿಗಿ ಇದ್ದರೂ ಇರಬಹುದು."

"ಇರಬಹುದ್ರಿ ಸರ್. ಆದ್ರ ಗೊತ್ತಿಲ್ಲ."

"ಅನುರಾಧಾ, ಜನ ನಮ್ಮನ್ನ ಕರಸೂದು ಗೊತ್ತದ ಅಂತ ಹೇಳ್ಸಿಕೊಳ್ಳಿಕ್ಕೆ. ಸಂಶಯ ಅವರ ಹತ್ತರನೂ ಬೇಕಾದಷ್ಟು ಅದ. ದಿಬ್ಬದ ಆಚೆ ಊರಿನವರು ಹೋದ ಸಲದ ಸಭಾಕ್ಕ ಬಂದು ಹೆಂಗ ಕೂತಿದ್ದರು, ನೋಡಿದ್ದೀರಲ್ಲ. ಇವತ್ತ ಅಂಕಿ ಹೇಳಿ ಬರೂಣು. ಆಮ್ಯಾಲೆ ತಿದ್ದುಪಡಿ ಅಂತ ಒಂದು ಕಳಿಸೂಣು. ಸಭಾದೊಳಗ ನೀವು ಮಾತಾಡಬ್ಯಾಡ್ರಿ, ನಾ ಮಾತಾಡ್ತೀನಿ."

ಅವಳು ಹೂಂ ಎಂದಳು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದಿಬ್ಬದಾಚೆಯ ಹೆಂಗಸರು ಸಭೆ ಮುಗಿಯುವ ತನಕ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು, ಚಹಾ ಕೊಟ್ಟರೆ ಲೋಟದ ತಳದಲ್ಲಿ ಒಂದು ಹನಿ ಬಿಡದೆ ಕುಡಿದಿದ್ದರು. ಅವರಿಗೂ ನೀರು ಬೇಕು. ಕಿಟಕಿಯಾಚೆ ಮಚ್ಛೆಯ ಕಾರ್ಖಾನೆಗಳ ಕಾಂಪೌಂಡು ಹಿಂದೆ ಸರಿಯಿತು. ನೆಹರು ನಗರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದ ಪ್ರಶ್ನೆ ಯಾಕೋ ಈಗ ನೆನಪಾಯಿತು: ನಿಮ್ಮ ತಂದೆಗೆ ಈ ಕೆಮ್ಮು ಎಷ್ಟು ದಿನದಿಂದ? ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಹಬ್ಬಕ್ಕೂ ಹೋಗುತ್ತಿದ್ದಳಲ್ಲ. ಹೋದಾಗೆಲ್ಲ ಅಪ್ಪ ಗಡ್ಡ ಬೋಳಿಸಿಕೊಂಡು, ತೊಳೆದ ಧೋತರ ಉಟ್ಟು, ಕಟ್ಟೆಯ ಮೇಲೆ ನೆಟ್ಟಗೆ ಕೂತು, "ನನಗೇನಾಗೈತಿ, ಗಟ್ಟಿ ಅದೀನಿ" ಎನ್ನುತ್ತಿದ್ದ. ಅವನು ಗಟ್ಟಿಯಾಗಿಯೇ ಕಾಣುತ್ತಿದ್ದ. ಮಗಳು ಬರುವ ದಿನಕ್ಕೆಂದು ಅವನು ಹಿಂದಿನ ಎರಡು ದಿನ ಹಾಸಿಗೆ ಬಿಟ್ಟೇಳುತ್ತಿರಲಿಲ್ಲವೆಂಬುದನ್ನು ಅವ್ವ ಹೇಳಿದ್ದು ಅವನು ತೀರಿಹೋದ ಮೇಲೆ. ಡಾಕ್ಟರು ಮತ್ತೆ ಕೇಳಿದಾಗ ಅವಳು, "ಹದಿನೈದು ದಿನ ಆಗಿರಬೇಕ್ರಿ" ಎಂದಿದ್ದಳು. ಅಂದಾಜನ್ನು ಅಂಕಿಯಾಗಿ ಹೇಳುವುದು ಎಷ್ಟು ಸಲೀಸು, ಡಾಕ್ಟರು ಅದನ್ನೇ ಬರೆದುಕೊಂಡರು. ಖಾನಾಪುರದ ಹೊಳೆಯ ಸೇತುವೆ ಬಂತು. ಮಲಪ್ರಭೆ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು, ಬಿಂದುಮಾಧವರು ಎಡಕ್ಕೆ ಗೂಡಂಗಡಿಯ ಮುಂದೆ ನಿಲ್ಲಿಸಿ ಎಲೆ ಅಡಿಕೆ ಕಟ್ಟಿಸಿಕೊಂಡರು.

ಕೆಂಗಲ್ಲಹಾಳದ ಶಾಲೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಇಲಾಖೆಯ ಇಂಜಿನಿಯರರು ಕುರ್ಚಿಯಲ್ಲಿದ್ದರು, ಊರವರು ನೆಲದ ಮೇಲೆ, ಹೆಂಗಸರು ಬಾಗಿಲ ಬಳಿ. ಪಂಚಾಯ್ತಿಯ ನೀರಗಂಟಿ ಬಾಳೇಶ ಓಡಿಬಂದು ನಮಸ್ಕಾರ ಮಾಡಿದ. ಒಂದೂವರೆ ವರ್ಷ ಬಾವಿಗೆ ಟೇಪು ಬಿಟ್ಟು ಅಳೆದು ಫೋನಿನಲ್ಲಿ ಕಳಿಸಿದವನು ಅವನೇ. ಅವಳು ತಡೆಯಲಾರದೆ ಕೇಳಿದಳು, "ಬಾಳೇಶ, ಬ್ಯಾರೆ ವಾರ ಒಮ್ಮೆರ ಅಳದಿದ್ದೇನು?"

"ಇಲ್ರಿ ಮ್ಯಾಡಂ. ನೀವ ಹೇಳಿದ್ರಲ್ರಿ, ಸೋಮವಾರ ತಪ್ಪಸಬ್ಯಾಡ ಅಂತ. ಒಂದೂ ತಪ್ಪಿಸಿಲ್ರಿ. ನಮ್ಮವ್ವ ಸತ್ತ ವಾರನೂ ಅಳದೀನಿ." ಅವನು ಮೆಚ್ಚುಗೆಗೆ ಕಾದು ನಿಂತ. "ಚಲೋ ಮಾಡಿದಿ" ಎಂದಳು, ಮುಖ ಅತ್ತ ತಿರುಗಿಸಿ.

ಬಿಂದುಮಾಧವರು ಚೆನ್ನಾಗಿಯೇ ಮಾತಾಡಿದರು. ನೆಲದ ಪದರಗಳನ್ನು ರೊಟ್ಟಿ, ಪಲ್ಯ, ರೊಟ್ಟಿ ಎಂದು ಕೈಯಲ್ಲೇ ಹೊಂದಿಸಿ ತೋರಿಸಿದರು. ಜನ ತಲೆಯಾಡಿಸಿದರು. ಕೊನೆಗೆ ಬಾಗಿಲ ಬಳಿಯಿಂದ ಒಬ್ಬ ಮುದುಕಿ, ಬಾವಿಗೆ ಹೊಂದಿದ ಮನೆಯ ಕಾಶವ್ವ, ಕೂತಲ್ಲಿಂದಲೇ ಕೇಳಿದಳು: "ಅದೆಲ್ಲಾ ಇರ್ಲಿರಿ ಸಾಹೇಬ್ರ. ನಮ್ಮ ಬಾವಿ ಬತ್ತತೈತೋ ಇಲ್ಲೋ, ಅಷ್ಟ ಹೇಳ್ರಿ. ಬ್ಯಾಸಗ್ಯಾಗ ಇಳಿಯೂದು ಹೊಸಾದಲ್ಲ. ಬತ್ತಿದ್ದು ನಾ ಬಂದಾಗಿಂದ ನೋಡಿಲ್ಲ."

"ಅರ್ಧ ಮೀಟರಿನ ಒಳಗ ಅಜ್ಜಿ. ಮೊಣಕಾಲಿಗಿಂತ ತುಸು ಕಡಿಮಿ ಅಂತ ತಿಳೀರಿ. ಬತ್ತೂದಿಲ್ಲ."

ಪಡಸಾಲೆಯಲ್ಲಿ ಉಸಿರು ಸಡಿಲವಾದದ್ದು ಅನುರಾಧಾಳಿಗೆ ಕೇಳಿಸಿತು. ಇಂಜಿನಿಯರರು ವಾಚು ನೋಡಿಕೊಂಡು, ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದರು. ಮುಂದಿನ ಸಾಲಿನಲ್ಲಿ ಕೈಗಳು ಏಳತೊಡಗಿದವು. ಕಾಶವ್ವ ಮಂಡಿಯ ಮೇಲಿನ ಕೈಯನ್ನು ನಿಧಾನವಾಗಿ ಎತ್ತುತ್ತಿದ್ದಳು, ಬಳೆಗಳು ಮೊಣಕೈಯತ್ತ ಜಾರಿದವು, ಅನುರಾಧಾ ಎದ್ದು ನಿಂತಿದ್ದಳು. ಎದ್ದದ್ದು ಧೈರ್ಯದಿಂದಲ್ಲ. ಆ ಕೈ ಪೂರ್ತಿ ಮೇಲೆ ಹೋಗುವುದನ್ನು ನೋಡಲಾಗದೆ ಎದ್ದಳು.

"ಅಜ್ಜಿ, ಬತ್ತತೈತೋ ಇಲ್ಲೋ ನನಗ ಗೊತ್ತಿಲ್ರಿ," ಎಂದಳು. "ಲೆಕ್ಕ ಮಾಡಿದಾಕಿ ನಾನ. ಅಳತಿ ಎಲ್ಲಾ ಸೋಮವಾರ ತೊಗೊಂಡೀನಿ. ಸೋಮವಾರ ನಿಮ್ಮ ಮೋಟಾರ್ ಬಂದ್ ಇರ್ತಾವು. ಬಾವಿ ಆರಾಮ ಇದ್ದ ದಿನ ನೋಡಿ, ಬಾವಿ ಗಟ್ಟಿ ಐತಿ ಅಂದೀನಿ. ಅರ್ಧ ಮೀಟರ ಇಳೀಬಹುದು. ಮೂರೂ ಮೀಟರ ಹೋಗಬಹುದು."

ಮೊದಲು ಯಾರೋ ನಕ್ಕರು. ಆಮೇಲೆ ನಾಗಲಿಂಗ ಎಂಬ, ಬಿಳಿ ಅಂಗಿಯ ಪಂಚಾಯ್ತಿ ಸದಸ್ಯ ಎದ್ದು, "ಏನ್ರಿ ಇದು, ಚೇಷ್ಟಿ ಮಾಡಾಕತ್ತೀರೇನು? ಒಬ್ರು ಇಲ್ಲಂತೀರಿ, ಒಬ್ರು ಗೊತ್ತಿಲ್ಲಂತೀರಿ. ಓದಿದವರಿಗೆ ಗೊತ್ತಿಲ್ಲಂದ್ರ ನಾವೇನ ಕವಡಿ ಹಾಕಿ ನೋಡೂಣೇನು?" ಎಂದ. ಇಂಜಿನಿಯರರ ಮುಖ ಕೆಂಪಾಯಿತು. ಬಿಂದುಮಾಧವರು ಅವಳತ್ತ ನೋಡಲಿಲ್ಲ. ಕೈಯಲ್ಲಿದ್ದ ಅಡಿಕೆಯ ಪೊಟ್ಟಣವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. ತಾನು ಅವರಿಗೆ ಹೀಗೆ ಮಾಡಬಾರದಿತ್ತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಬಾಯಿಯಿಂದ 'ಐತಿ' ಬಂದುಬಿಟ್ಟಿತಲ್ಲ ಎಂಬ ಹುಚ್ಚು ಯೋಚನೆಯೂ ನಡುವೆ ಹಾದುಹೋಯಿತು.

"ಗೊತ್ತು ಮಾಡ್ಕೊಳ್ಳಾಕ ಬರ್ತೈತ್ರಿ," ಎಂದಳು. "ಹೊಸಾ ಬೋರಿನ್ಯಾಗ ಮೋಟಾರ್ ಇಳಿಸಿಟ್ಟಾರ. ಈಗ ಚಾಲೂ ಮಾಡೂಣು. ಊರಿನ ಬ್ಯಾರೆ ಮೋಟಾರ್ ಎಲ್ಲಾ ಇವತ್ತ ಬಂದ್ ಅದಾವು. ಬಾವಿ ಇಳದ್ರ ಅದು ಹೊಸಾ ಬೋರಿನ ಕೆಲಸ ಅಂತನ ತಿಳೀತೈತಿ. ಇದಕ್ಕ ಸೋಮವಾರದಂಥಾ ದಿನ ಇನ್ನೊಂದಿಲ್ಲ."

ಬೋರು ಕೊರೆದಾಗ ಎಷ್ಟು ನೀರು ಬರುತ್ತದೆಂದು ಪರೀಕ್ಷೆ ಮಾಡಿದ್ದರು, ನಿಜ. ಅಂದು ಬಾವಿಯತ್ತ ಯಾರೂ ತಿರುಗಿ ನೋಡಿರಲಿಲ್ಲ, ಅದು ಸೋಮವಾರವೂ ಆಗಿರಲಿಲ್ಲ. ಸೋಮವಾರ ಮೋಟಾರು ಹಚ್ಚಿ ನೆಲದಿಂದ ನೀರೆಳೆಯುವುದೆಂದರೆ ಊರಿಗೆ ಊರೇ ಬೇಡವೆಂದುಕೊಂಡ ಕೆಲಸ. ಹಿರಿಯರೊಬ್ಬರು ಎದ್ದು ಹೊರಗೆ ನಡೆದೇಬಿಟ್ಟರು. ನಾಗಲಿಂಗ, "ನಿಮ್ಮ ತಪ್ಪಿಗೆ ನಾವು ನೇಮ ಮುರೀಬೇಕೇನ್ರಿ?" ಎಂದ. ಎಲ್ಲರೂ ಕಾಶವ್ವನತ್ತ ತಿರುಗಿದರು. ಬಾವಿಗೆ ದಿನಾ ಬೆಳಗ್ಗೆ ಮೊದಲ ಕೊಡ ಇಳಿಸುವವಳು ಅವಳು, ವಯಸ್ಸಿನಲ್ಲೂ ಹಿರಿಯಳು. ಅವಳು ಎತ್ತಿದ್ದ ಕೈಯನ್ನು ಇಳಿಸಿ ಸೆರಗಿನಲ್ಲಿಟ್ಟುಕೊಂಡಿದ್ದಳು.

"ನಡೀರಿ, ನೋಡೇಬಿಡೂಣು," ಎಂದಳು. "ನಾಳೆ ಬತ್ತಿ ನಿಂತ ಮ್ಯಾಲೆ ಸೋಮವಾರ ಇದ್ರೇನು, ಮಂಗಳವಾರ ಇದ್ರೇನು."

ಬೋರಿನ ನೀರು ಸುರಿಯುವ ಸದ್ದು ತಗ್ಗಿನಿಂದ ಕೇಳಿಸತೊಡಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಾಳೇಶ ಬಾವಿಯ ಒಳಗಿನ ಮೆಟ್ಟಿಲಿಳಿದು ನೀರು ಮುಟ್ಟುವ ಕಲ್ಲಿಗೆ ಸುಣ್ಣದ ಗೆರೆ ಎಳೆದು ಬಂದ. ಅವನು ಟೇಪು ಬಿಡುವುದು, ಅವಳು ನೋಡುವುದು, ಹೀಗೆ ನಡೆಯಿತು. ಅರ್ಧ ಗಂಟೆಯಾದರೂ ನೀರು ಮಿಸುಕಲಿಲ್ಲ. ಇಂಜಿನಿಯರರು ಫೋನಿನಲ್ಲಿ ಯಾರಿಗೋ, ಇಲ್ಲೊಂದು ನಾಟಕ ನಡೆದಿದೆ ಎನ್ನುತ್ತಿದ್ದುದು ಕೇಳಿಸಿತು. ಜನ ಒಬ್ಬೊಬ್ಬರಾಗಿ ನೆರಳಿಗೆ ಸರಿದರು. ಬಿಂದುಮಾಧವರು ಬೇವಿನ ಬುಡದಲ್ಲಿ ಕೂತು ಅವಳಿಗೊಂದು ತಂಬಿಗೆ ನೀರು ಕಳಿಸಿದರು, ತಾವು ಬರಲಿಲ್ಲ. ಒಂದು ಗಂಟೆಯಾಯಿತು. ನೀರು ಗೆರೆಗೆ ಅಂಟಿಕೊಂಡೇ ಇತ್ತು. ಇಳಿಯದಿದ್ದರೆ ಒಳ್ಳೆಯದೇ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಾವಿ ಉಳಿಯುತ್ತದೆ, ದಿಬ್ಬದಾಚೆಗೂ ನೀರು ಹೋಗುತ್ತದೆ, ತಾನೊಬ್ಬಳು ನಗೆಪಾಟಲಾದರೆ ಊರೇನು ಮುಳುಗುವುದಿಲ್ಲ. ಹೀಗೆ ಹೇಳಿಕೊಳ್ಳುತ್ತಲೇ ಕಟ್ಟೆಯ ಕಲ್ಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ನಾಳೆ ಕಚೇರಿಯಲ್ಲಿ ಎಲ್ಲರೂ ತನ್ನನ್ನು ನೋಡುವ ರೀತಿ, ನಾಗಲಿಂಗ ಈ ಕತೆಯನ್ನು ಊರೂರಿನಲ್ಲಿ ಹೇಳಿ ನಗಿಸುವ ರೀತಿ, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಇಳಿ, ಎಂದು ಒಳಗೆ ಯಾರೋ ಹೇಳುತ್ತಿದ್ದರು. ಸ್ವಲ್ಪ ಇಳಿ. ಅದು ತಾನೇ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಬೇಕಾಯಿತು.

ಇಳಿಯಿತು. ಸುಣ್ಣದ ಗೆರೆಯ ಕೆಳಗೆ ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಗಲ, ಹಸಿ ಕಲ್ಲು ಕಂಡಿತು. ಬಾಳೇಶ ಟೇಪು ಎತ್ತಿ ನೋಡಿ, ನಂಬದೆ ಮತ್ತೊಮ್ಮೆ ಬಿಟ್ಟ. ಕೈ ಅಗಲವಾಯಿತು. ಜೇಡಿ ಬಿಟ್ಟುಕೊಡುತ್ತಿತ್ತು, ತಾನು ಬೆಳಗ್ಗೆ ಕಾರಿನಲ್ಲಿ ಕೂತು ಶಂಕಿಸಿದ್ದು ಸರಿಯಾಗಿತ್ತು, ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಅನುರಾಧಾಳ ಮೈಯೆಲ್ಲ ಹಗುರವಾಗಿ, ಕಣ್ಣಲ್ಲಿ ನೀರು ಬಂತು. ಇಷ್ಟು ಸಂತೋಷ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ತಲೆ ಎತ್ತಿದಾಗ ಬಾವಿಯ ಆಚೆ ಕಟ್ಟೆಯಿಂದ ಕಾಶವ್ವ ತನ್ನ ಮುಖವನ್ನೇ ನೋಡುತ್ತಿದ್ದಳು, ನೀರನ್ನಲ್ಲ.

"ಖುಷಿ ಆತೇನವಾ ನಿನಗ?" ಎಂದಳು ಮುದುಕಿ. ಬೈಗುಳದ ದನಿಯಲ್ಲ, ಕೇಳುವ ದನಿ.

ಇಲ್ಲವೆನ್ನಲು ಬಾಯಿ ಬರಲಿಲ್ಲ. "ಆತ್ರಿ ಅಜ್ಜಿ," ಎಂದಳು ಅನುರಾಧಾ.

"ಹೂಂ. ಗೊತ್ತಾತಲ್ಲ, ಹಂಗಾರ ಬಂದ್ ಮಾಡ್ಸು. ಸಾಕು."

ಅನುರಾಧಾ ತಗ್ಗಿನತ್ತ ನೋಡಿದಳು. ಮೋಟಾರು ಒಂದೇ ಸಮನೆ ಎಳೆಯುತ್ತಿತ್ತು. ಇಳಿಯುತ್ತದೆ ಎಂಬುದಷ್ಟೇ ಗೊತ್ತಾಗಿತ್ತು. ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಾಗಿರಲಿಲ್ಲ, ಅದು ಗೊತ್ತಾಗದಿದ್ದರೆ ಇಂದಿನದೆಲ್ಲ ದಂಡ.

"ಸಂಜೀತನಕ ಓಡಬೇಕ್ರಿ ಅಜ್ಜಿ," ಎಂದಳು. "ಇನ್ನಾ ಇಳೀಬೇಕು."

ಕಾಶವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಬಾವಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಳು.